ಗೇರಿಲ್ಲದ ಕಾರಿನಲ್ಲಿ ಎಡಗಾಲು

ಚಾದರ ಹಿಂಡುವುದಕ್ಕೆ ಇಬ್ಬರು ಬೇಕು. ತಾಯಿ ಒಂದು ತುದಿ ಹಿಡಿದಿದ್ದಳು, ಮಗಳು ಇನ್ನೊಂದು. ಇಬ್ಬರೂ ಒಂದೊಂದು ಕಡೆಗೆ ತಿರುವುತ್ತ ಹೋದಂತೆ ನಡುವಿನ ಚಾದರ ಹಗ್ಗದಷ್ಟು ಬಿಗಿಯಾಗಿ, ತಾರಸಿಯ ಸಿಮೆಂಟಿನ ಮೇಲೆ ನೀರು ಸುರಿಯುತ್ತಿತ್ತು.

ಮೆಟ್ಟಿಲ ಬಾಗಿಲಲ್ಲಿ ನೆರಳು ಕಂಡಿತು. ಮಗಳು ತುದಿ ಬಿಟ್ಟಳು. ಚಾದರ ಗಿರ್ರನೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

"ತೊಳೆದದ್ದೆಲ್ಲ ಮಣ್ಣಾಯ್ತು," ಎಂದಳು ತಾಯಿ. ಮಗಳಿಗಲ್ಲ, ಬಾಗಿಲಲ್ಲಿ ನಿಂತವಳಿಗೆ. "ಇನ್ನೇನು ಬೇಕು ನಿಮಗೆ?"

ಬಾಗಿಲಲ್ಲಿ ನಿಂತವಳು ವಿಮಾ ಕಂಪನಿಯ ಸರ್ವೇಯರ್. ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಒಂದು ಟಾರ್ಚು, ಹೆಗಲಿಗೆ ಒಂದು ಚೀಲ. ಗುದ್ದಿದ ಗಾಡಿಯನ್ನು ನೋಡಿ ಅದು ಹೇಗೆ ಗುದ್ದಿತು ಎಂದು ಹೇಳುವುದು ಅವಳ ಕಸುಬು.

ಐದು ದಿನದ ಹಿಂದೆ, ಬೆಳಕು ಹರಿಯುವ ಹೊತ್ತಿನಲ್ಲಿ, ಈ ತಾಯಿಯ ಕಾರು ಕೆಳಗಿನ ಡ್ರೈವಿಂಗ್ ಸ್ಕೂಲಿನ ಮುದುಕ ಮೇಸ್ತ್ರಿಯನ್ನು ಕೆಡವಿತ್ತು. ಮೇಸ್ತ್ರಿ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಓಡಿಸಿದ್ದು ನಾನೇ ಎಂದು ತಾಯಿ ಬರೆದುಕೊಟ್ಟಿದ್ದಳು.

ಈ ದಿನ ಹನ್ನೆರಡು ಗಂಟೆಗೆ ಪೊಲೀಸ್ ಜೀಪು ಬರುವುದಿತ್ತು. ಅದೇ ಮಾತನ್ನು ನ್ಯಾಯಾಧೀಶರ ಮುಂದೆ ಒಮ್ಮೆ ಹೇಳಿಬಿಟ್ಟರೆ ಮತ್ತೆ ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವಲ್ಲ. ಮಗಳ ಬಟ್ಟೆಬರೆ ಚಿಕ್ಕಮ್ಮನ ಮನೆಗೆಂದು ಆಗಲೇ ಒಂದು ಚೀಲದಲ್ಲಿ ತುಂಬಿಯಾಗಿತ್ತು. ಎಷ್ಟು ದಿನಕ್ಕೆ ಎಂದು ಯಾರೂ ಹೇಳಿರಲಿಲ್ಲ. ಅದಕ್ಕೇ ತಾಯಿ ಬೆಳಗಿನಿಂದ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆಯುತ್ತಿದ್ದಳು.

"ಕಾರನ್ನ ಅಂಗಳಕ್ಕೆ ತರಿಸಿದೀನಿ. ಒಂದ್ಸಲ ಕೆಳಗೆ ಬನ್ನಿ," ಎಂದಳು ಸರ್ವೇಯರ್.

"ನಾನೇ ಅಂತ ಹೇಳಾಯ್ತು. ಸಹಿನೂ ಹಾಕಾಯ್ತು."

"ನೀವು ಹಾಕಿದ್ರಿ. ಕಾರು ಇನ್ನೂ ಹಾಕಿಲ್ಲ."

ತಾಯಿ ಚಾದರವನ್ನು ಮತ್ತೆ ಬಕೀಟಿಗೆ ತುಂಬಿದಳು. ಬೇರೆಯವರ ಮನೆಯ ವಿಷಯಕ್ಕೆ ಮೂಗು ತೂರಿಸುವುದೇ ಕೆಲಸವೇ ಎಂದು ಕೇಳಿದಳು. ಹೌದು, ಅದಕ್ಕೇ ಸಂಬಳ ಕೊಡುತ್ತಾರೆ ಎಂದು ಸರ್ವೇಯರ್ ಉತ್ತರ ಕೊಟ್ಟಳು. ಕೋಪ ಬರಿಸಲಾಗದವರ ಜೊತೆ ಜಗಳ ಆಡುವುದು ಕಷ್ಟ. ತಾಯಿ ಕೈ ಒರೆಸಿಕೊಂಡು ಹೊರಟಳು.

ಅವಳು ಮೆಟ್ಟಿಲು ಇಳಿಯುವುದು ನೋಡಿದವರಿಗೆ ಅವಳ ಎಡಮೊಣಕಾಲಿನ ಕಥೆ ಬೇರೆ ಹೇಳಬೇಕಾಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಬಿದ್ದು ಮುರಿದ ಕಾಲಿಗೆ ಒಳಗೆ ಕಬ್ಬಿಣ ಹಾಕಿದ್ದರು. ಅದು ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ಪ್ರತಿ ಮೆಟ್ಟಿಲಿಗೂ ಮೊದಲು ಎಡಗಾಲು, ಆಮೇಲೆ ಅದೇ ಮೆಟ್ಟಿಲಿಗೆ ಬಲಗಾಲು. ಮಗಳು ಎಡಗಡೆಯಲ್ಲೇ ಇಳಿಯುತ್ತಿದ್ದಳು, ಭುಜ ಕೊಡುವುದಕ್ಕೆ ಸರಿಯಾಗಿ. ಎಂಟು ವರ್ಷದ ಈ ಹುಡುಗಿಯನ್ನು ಎಲ್ಲರೂ ಗುಂಡುಸೂಜಿ ಎಂದೇ ಕರೆಯುತ್ತಿದ್ದರು. ಸಣ್ಣಗಿದ್ದಳು, ಚುಚ್ಚುವ ಹಾಗೆ ಪ್ರಶ್ನೆ ಕೇಳುತ್ತಿದ್ದಳು. ಆದರೆ ಈ ಐದು ದಿನ ಅವಳು ಏನನ್ನೂ ಕೇಳಿರಲಿಲ್ಲ.

ಕೆಳಗೆ ಅಂಗಳದಲ್ಲಿ ಕಲಿಯುವವರಿಗೆಂದು ಸುಣ್ಣ ಬಳಿದ ಟೈರುಗಳನ್ನು ಸಾಲಾಗಿ ನೆಟ್ಟಿದ್ದರು. ಅವುಗಳ ಪಕ್ಕದಲ್ಲಿ ಕಾರು. ಒಂದು ದೀಪ ಒಡೆದಿತ್ತು, ಬಾನೆಟ್ಟು ಒಂದು ಮೂಲೆಯಲ್ಲಿ ಒಳಕ್ಕೆ ಹೋಗಿತ್ತು. ಮಿಕ್ಕಂತೆ ಏನೂ ಆಗಿಲ್ಲವೆಂಬಂತೆ ನಿಂತಿತ್ತು.

ಸರ್ವೇಯರ್ ಚೀಲದಿಂದ ಕಾರಿನ ಕೀ ತೆಗೆದು ತಾಯಿಯ ಅಂಗೈಯಲ್ಲಿಟ್ಟಳು. ಕೀಯ ಕತ್ತು ಸ್ವಲ್ಪ ಬಾಗಿತ್ತು.

"ಗುದ್ದಿದ ಮೇಲೆ ಓಡಿಸಿದವರು ಎಂಜಿನ್ ಆಫ್ ಮಾಡಿ ಇದನ್ನ ಎಳೆದಿದಾರೆ. ಬಂದಿಲ್ಲ. ಇನ್ನೂ ಜೋರಾಗಿ ಎಳೆದಿದಾರೆ. ಕೀ ಅಲ್ಲೇ ಬಿಟ್ಟು ಹೋಗಿದಾರೆ," ಎಂದಳು. "ಯಾಕೆ ಬರಲಿಲ್ಲ?"

ತಾಯಿ ಕೀಯನ್ನು ಅವಳ ಕೈಗೇ ವಾಪಸು ಇಟ್ಟಳು.

"ಗೇರಿಲ್ಲದ ಗಾಡೀಲಿ ಲಿವರನ್ನ ಪಾರ್ಕ್ ಅನ್ನೋ ಗುರುತಿಗೆ ತಂದ್ರೆ ಮಾತ್ರ ಕೀ ಕೈಗೆ ಬರತ್ತೆ. ಎಂಟು ವರ್ಷದಿಂದ ಇದೇ ಗಾಡಿ ಓಡಿಸೋರು ನೀವು. ದಿನಕ್ಕೆ ನಾಲ್ಕು ಸಲ ಮಾಡೋ ಕೆಲಸ."

"ಗಾಬರಿ ಆಗಿತ್ತು."

"ಗಾಬರಿ ಆದ್ರೆ ಕೈ ಅಭ್ಯಾಸದ ಕೆಲಸಾನೇ ಮಾಡತ್ತೆ ಅಮ್ಮಾ, ಅಭ್ಯಾಸ ಇಲ್ಲದ್ದನ್ನಲ್ಲ."

"ನನ್ನ ಕೈ ಏನು ಮಾಡತ್ತೆ ಅಂತ ನಿಮಗೆ ಗೊತ್ತಾ?" ತಾಯಿಯ ದನಿ ಗಡುಸಾಯಿತು. "ಮುದುಕನ್ನ ಕೆಡವಿದ ಕೈ ಅದು. ಆ ಹೊತ್ತಲ್ಲಿ ಪಾರ್ಕು ಗೀರ್ಕು ನೆನಪಾಗತ್ತಾ?"

ಸರ್ವೇಯರ್ ವಾದಕ್ಕೆ ನಿಲ್ಲಲಿಲ್ಲ. ಚಾಲಕನ ಕಡೆಯ ಬಾಗಿಲು ತೆರೆದು, ಮಂಡಿಯೂರಿ, ಕೆಳಗೆ ಟಾರ್ಚು ಬಿಟ್ಟಳು. ಎರಡೇ ಪೆಡಲು: ಕಿರಿದಾದದ್ದು ಎಕ್ಸಿಲರೇಟರ್, ಅಗಲವಾದದ್ದು ಬ್ರೇಕು. ಬ್ರೇಕಿನ ರಬ್ಬರಿನ ಬಲ ಅಂಚು ಸವೆದು ನುಣ್ಣಗಾಗಿತ್ತು. ಎಂಟು ವರ್ಷ ಒಂದೇ ಬಲಗಾಲು ಆ ಕಡೆಯಿಂದ ಬಂದು ಒತ್ತಿದ ಗುರುತು. ಎಡ ಅಂಚಿನಲ್ಲಿ ರಬ್ಬರು ಹೊಸದರಂತೆಯೇ ಇತ್ತು. ಆದರೆ ಅದರ ಮೇಲೆ ಅಡ್ಡಡ್ಡ ಒಂದು ಹೊಸ ಗೀರು, ಗಟ್ಟಿ ಅಟ್ಟೆಯ ಬೂಟು ಜಾರಿದ ಹಾಗೆ.

ಗೇಟಿನಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ, ಖಾಲಿ ರಸ್ತೆಯಲ್ಲಿ, ಟೈರು ಉಜ್ಜಿದ ಕರೀ ಗುರುತು ಇದೆ ಎಂದು ಅವಳು ಹೇಳಿದಳು. ಅಲ್ಲಿ ಯಾರೂ ಅಡ್ಡ ಬಂದಿರಲಿಲ್ಲ. ಮೇಸ್ತ್ರಿ ನಿಂತಿದ್ದು ಇನ್ನೂ ಅರವತ್ತು ಹೆಜ್ಜೆ ಆಚೆ. ಅಲ್ಲಿ ಮಾತ್ರ ಬ್ರೇಕಿನ ಗುರುತೇ ಇರಲಿಲ್ಲ.

"ಬೇಕಾದ ಕಡೆ ಬ್ರೇಕ್ ಒತ್ತಿಲ್ಲ. ಬೇಡದ ಕಡೆ ಒತ್ತಿದೆ. ಅದೂ ಎಡಗಾಲು. ನಿಮ್ಮ ಎಡಗಾಲು ಅಷ್ಟು ಮೇಲೆ ಏಳತ್ತಾ?"

"ಏಳತ್ತೆ," ಎಂದಳು ತಾಯಿ, ಕಡ್ಡಿ ಮುರಿದ ಹಾಗೆ.

ಆ ಕಾಲಿನ ಪಕ್ಕದಲ್ಲೇ ನಿಂತಿದ್ದ ಮಗಳು ಅಮ್ಮನ ಮುಖ ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು.

ಸರ್ವೇಯರ್ ಅದನ್ನು ಕಂಡಳು. ಆದರೆ ಕೇಳಿದ್ದು ಬೇರೆಯದನ್ನು. ಮೇಸ್ತ್ರಿ ತಾತನ ಶೆಡ್ಡಿನಲ್ಲಿ ಏನೇನಿದೆ, ತೋರಿಸುತ್ತೀಯಾ ಎಂದು.

ಶೆಡ್ಡು ಅಂಗಳದ ಮೂಲೆಯಲ್ಲೇ ಇತ್ತು. ಒಳಗೆ ಉದ್ದನೆಯ ಮರದ ಮೇಜಿನ ಮೇಲೆ ಮೂರು ಗೇರ್ ಬಾಕ್ಸುಗಳು, ಹೊಟ್ಟೆ ಕೊಯ್ದು ಒಳಗಿನದೆಲ್ಲ ಕಾಣುವಂತೆ ಇಟ್ಟವು. ಕಲಿಯಲು ಬಂದವರಿಗೆ ತೋರಿಸಲೆಂದು ಮೇಸ್ತ್ರಿಯೇ ಕೊಯ್ದು ಬಣ್ಣ ಬಳಿದಿದ್ದ. ಶಾಲೆ ಬಿಟ್ಟ ಮೇಲೆ ಗುಂಡುಸೂಜಿಯ ಸಂಜೆಗಳೆಲ್ಲ ಈ ಮೇಜಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕಳೆಯುತ್ತಿದ್ದವು. ಐದು ದಿನದಲ್ಲಿ ಮೊದಲ ಸಲ ಅವಳು ತಾನಾಗಿ ಮಾತಾಡಿದಳು.

"ಇದು ಮ್ಯಾನ್ಯುಅಲ್ಲು. ಹಲ್ಲಿನ ಚಕ್ರ. ಕಾಲಲ್ಲಿ ಕ್ಲಚ್ ಒತ್ತಿ ಕೈಯಲ್ಲಿ ಬದಲಾಯಿಸ್ಬೇಕು. ಮೆಟ್ಟಿಲು ನಾವೇ ಹತ್ತೋ ಥರ. ಇದು ಹಳೇ ಕಾಲದ ಆಟೋಮ್ಯಾಟಿಕ್ಕು. ಇದ್ರಲ್ಲೂ ಮೆಟ್ಟಿಲು ಇದೆ. ಆದ್ರೆ ಒಳಗಿರೋ ಎಣ್ಣೆ ನಮ್ಮನ್ನ ಎತ್ಕೊಂಡು ಹತ್ಸತ್ತೆ."

"ಮೂರನೇದು?"

"ಇದ್ರಲ್ಲಿ ಮೆಟ್ಟಿಲೇ ಇಲ್ಲ." ಎರಡು ಜೊತೆ ಉಕ್ಕಿನ ಶಂಕುಗಳ ನಡುವೆ ಒಂದು ಉಕ್ಕಿನ ಪಟ್ಟಿ ಸುತ್ತಿಕೊಂಡಿತ್ತು. ಅವಳು ಪಟ್ಟಿಯ ಮೇಲೆ ಬೆರಳಾಡಿಸಿದಳು. "ಪಟ್ಟಿ ಮೇಲೆ ಕೆಳಗೆ ಜಾರ್ತಾ ಇರತ್ತೆ. ಮೇಲಕ್ಕೆ ಹೋಗೋ ಜಾರುಬಂಡೆ ಅಂತಾರೆ ತಾತ. ಅಮ್ಮನ ಕಾರಲ್ಲಿ ಇರೋದು ಇದೇ."

"ಸದ್ದು ಹೇಗಿರತ್ತೆ?"

ಸದ್ದು ಮಾಡುವುದರಲ್ಲಿ ಗುಂಡುಸೂಜಿ ಪಳಗಿದವಳು. ಮೊದಲನೆಯದಕ್ಕೆ ಊಂ ಎಂದು ಏರಿಸಿ, ನಿಲ್ಲಿಸಿ, ತಗ್ಗಿಸಿ, ಮತ್ತೆ ಏರಿಸಿದಳು. ಎರಡನೆಯದಕ್ಕೂ ಹಾಗೆಯೇ, ನಡುವೆ ನಿಲ್ಲಿಸದೆ ಒಂದು ಸಣ್ಣ ತೂಕಡಿಕೆಯೊಂದಿಗೆ. ಮೂರನೆಯದಕ್ಕೆ ಒಂದೇ ದನಿ ಏರಿ, ಅಲ್ಲೇ ನಿಂತು, ಉಸಿರು ಮುಗಿಯುವ ತನಕ ಮೊರೆಯಿತು.

"ಮತ್ತೆ ಅವತ್ತು?"

ಕೇಳಿದ್ದು ಅಷ್ಟು ಮೆತ್ತಗೆ. ಮಗುವಿನ ಬಾಯಿ ತಡೆಯುವ ಮೊದಲೇ ಗಂಟಲು ಸದ್ದು ಹೊರಡಿಸಿಬಿಟ್ಟಿತು. ಊಂ ಎಂದು ಸಣ್ಣಗೆ ಎದ್ದದ್ದು ಗಕ್ಕನೆ ನಿಂತಿತು. ಆಮೇಲೆ ಒಂದೇ ಸಮ ದೊಡ್ಡ ಮೊರೆತ.

"ನಿದ್ದೆ ಮಾಡ್ತಿದ್ದೆ ಅಂತ ಪೊಲೀಸ್ನೋರಿಗೆ ಹೇಳಿದ್ಯಲ್ಲ ಮರಿ," ಎಂದಳು ಸರ್ವೇಯರ್.

ಶೆಡ್ಡಿನ ಬಾಗಿಲಿಗೆ ತಾಯಿ ಬಂದು ನಿಂತಿದ್ದಳು. ಅವಳು ಮಗಳ ತೋಳು ಹಿಡಿದು ಹೊರಗೆಳೆದಳು. ಆ ಹಿಡಿತದಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ತೋಳಿಗೆ ನೋವಾದದ್ದಂತೂ ನಿಜ. ಮಗುವಿನ ಬಾಯಿಂದ ಸಾಕ್ಷಿ ಕಸಿದುಕೊಳ್ಳುವುದಕ್ಕೆ ನಾಚಿಕೆಯಾಗಬೇಕು ಎಂದು ಸರ್ವೇಯರಿಗೆ ಹೇಳಿದಳು. ನಾಚಿಕೆಯಾಗುತ್ತಿದೆ ಎಂದೇ ಸರ್ವೇಯರ್ ಒಪ್ಪಿಕೊಂಡಳು. ಆದರೆ ಆ ಗಕ್ಕೆಂದ ಸದ್ದು ಕರೀ ಗುರುತಿಗೆ ಸರಿಯಾಗಿ ಹೊಂದುತ್ತದೆ ಎಂದೂ ಸೇರಿಸಿದಳು. ಕ್ಲಚ್ ಗಾಡಿಯಲ್ಲಿ ಬೆಳೆದವನು ಹೊರಟ ಹದಿನಾಲ್ಕನೇ ಹೆಜ್ಜೆಗೆ ಎರಡನೇ ಗೇರಿಗೆ ಹೋಗಬೇಕು. ಎಡಗಾಲು ಯಾರನ್ನೂ ಕೇಳದೆ ಕ್ಲಚ್ಚಿಗೆ ಇಳಿಯುತ್ತದೆ. ಅಲ್ಲಿ ಕ್ಲಚ್ಚಿಲ್ಲ. ಅಗಲವಾದ ಬ್ರೇಕಿದೆ.

"ಆಮೇಲೆ ಬೆಚ್ಚಿಬಿದ್ದು ಬಲಗಾಲಲ್ಲಿ ಎಕ್ಸಿಲರೇಟರ್ ಒತ್ತಿದಾನೆ. ಎಂಜಿನ್ ಮೊರೀತಾ ಒಂದೇ ದನೀಲಿ ನಿಂತಿದೆ. ಅವನ ಕಿವಿ ದನಿ ಏರೋದು ಇಳಿಯೋದು ನೋಡ್ಕೊಂಡು ವೇಗ ಅಳೆಯೋ ಕಿವಿ. ದನಿ ಏರಿಲ್ಲ ಅಂದ್ರೆ ಗಾಡಿ ಓಡ್ತಿಲ್ಲ ಅಂದ್ಕೊಂಡಿದಾನೆ. ಗಾಡಿ ಓಡ್ತಾನೇ ಇತ್ತು."

"ಅವನು, ಅವನು ಅಂತೀರಲ್ಲ. ಯಾವನು?"

ಈ ಮಾತು ತಾಯಿಯದಲ್ಲ. ಡ್ರೈವಿಂಗ್ ಸ್ಕೂಲಿನ ಯಜಮಾನ ಹಿಂದಿನಿಂದ ಬಂದಿದ್ದ. ತಾಯಿಗೆ ಗಂಡನ ಅಣ್ಣ, ಗುಂಡುಸೂಜಿಗೆ ದೊಡ್ಡಪ್ಪ. ಮೇಲಿನ ಮನೆಗೂ ಕೆಳಗಿನ ಸ್ಕೂಲಿಗೂ ಎಣ್ಣೆ ಸೀಗೆಕಾಯಿ. ಹತ್ತು ವರ್ಷದಿಂದ ಅವನು ಈ ನಾದಿನಿಯನ್ನು ಮೇಲಿನ ಮನೆ ಬಿಡಿಸಲು ನೋಡುತ್ತಿದ್ದ. ಈಗ ಅವಳು ಕೆಡವಿದ್ದು ಅವನ ಜೊತೆ ಮೂವತ್ತು ವರ್ಷ ದುಡಿದ ಮೇಸ್ತ್ರಿಯನ್ನು. ಅವಳತ್ತ ಕಣ್ಣೆತ್ತಿಯೂ ನೋಡದೆ ಅವನು ಸರ್ವೇಯರ್ ಎದುರು ನಿಂತ.

"ಕ್ಲಚ್ಚಲ್ಲೇ ಬೆಳೆದ ಎಡಗಾಲು ಅಂದ್ರೆ ಈ ಕಾಂಪೌಂಡಲ್ಲಿ ಇರೋದು ನಂದೊಂದೇ. ನೇರವಾಗಿ ನನ್ನ ಹೆಸರು ಬರ್ಕೊಳ್ಳಿ ಮೇಡಂ."

"ಬರ್ಕೊಳ್ಳೋ ಮುಂಚೆ ನೋಡ್ಬೇಕು," ಎಂದು ಸರ್ವೇಯರ್ ಕೀ ಮುಂದೆ ಚಾಚಿದಳು. "ಒಂದು ಸುತ್ತು ಓಡಿಸ್ತೀರಾ?"

ಅವನ ಕಣ್ಣು ಕಿರಿದಾಯಿತು. ಗೇರಿಲ್ಲದ ಗಾಡಿಯನ್ನು ತಾನು ಗಾಡಿಯೆಂದೇ ಲೆಕ್ಕಕ್ಕಿಡುವುದಿಲ್ಲ ಎಂದ. ಲಿಫ್ಟಿನಲ್ಲಿ ಬೆಟ್ಟ ಹತ್ತಿ ಕಾಲುನೋವು ಎನ್ನುವವರ ಗಾಡಿ ಅದು ಎಂದ. ಹೇಳುತ್ತಲೇ ಕೀ ಕಸಿದುಕೊಂಡು ಹೋಗಿ ಕುಳಿತ.

ತಾಯಿ ಮಗಳನ್ನು ತನ್ನ ಕಡೆಗೆ ಒತ್ತಿಕೊಂಡಳು. ಸರ್ವೇಯರ್ ಪಕ್ಕದ ಸೀಟಿನಲ್ಲಿ ಕುಳಿತು ಅವನ ಕಾಲುಗಳ ಮೇಲೇ ದೃಷ್ಟಿ ನೆಟ್ಟಳು.

ಕಾರು ಹೊರಟಿತು. ಸುಣ್ಣದ ಟೈರುಗಳ ಉದ್ದಕ್ಕೂ ಒಂದೇ ದನಿ ನುಣ್ಣಗೆ ಸಾಗಿತು. ಹತ್ತು ಹೆಜ್ಜೆ. ಹದಿನಾಲ್ಕು. ಇಪ್ಪತ್ತು. ಎಲ್ಲೂ ಗಕ್ಕೆನ್ನಲಿಲ್ಲ. ತಿರುವಿನಲ್ಲಿ ತಿರುಗಿ, ಹೊರಟಲ್ಲಿಗೇ ಬಂದು, ನೀರಿನ ಲೋಟ ಇಟ್ಟ ಹಾಗೆ ನಿಂತಿತು. ಲಿವರು ಪಾರ್ಕಿಗೆ ಹೋಯಿತು, ಬಾಗಿದ ಕೀ ಸಲೀಸಾಗಿ ಹೊರಬಂತು.

ಅವನ ಎಡಗಾಲು ಸೀಟಿನ ಕೆಳಗೆ ಹಿಂದಕ್ಕೆ ಮಡಚಿಕೊಂಡು ಸುಮ್ಮನೆ ಕೂತಿತ್ತು.

"ಇಂಥ ಗಾಡಿ ಹತ್ತೋ ಮೊದಲೇ ಎಡಗಾಲಿಗೆ ರಜೆ ಕೊಟ್ಬಿಡ್ತೀನಿ," ಎಂದ ಅವನು ಇಳಿಯುತ್ತ. "ಮೂರು ಸಾವಿರ ಜನಕ್ಕೆ ಕಲಿಸಿದೀನಿ ಮೇಡಂ. ಕಾಲಿನ ಮೇಲೆ ಕೂತ್ಕೊಳ್ಳಿ ಅಂತ ನಾನೇ ಬಯ್ಯೋನು."

ಸರ್ವೇಯರಿನ ಮುಖ ಒಂದು ಕ್ಷಣ ಬರಿದಾಯಿತು. ಬೆಳಗಿನಿಂದ ಅವಳು ಕಟ್ಟಿಕೊಂಡು ಬಂದದ್ದೆಲ್ಲ ಆ ಮಡಚಿದ ಕಾಲಿನ ಹಿಂದೆ ಹೋಗಿ ಅಡಗಿತ್ತು. ತನ್ನ ಲೆಕ್ಕ ತಪ್ಪಿತು ಎಂದು ಅವಳು ಒಪ್ಪಿಕೊಂಡಳು.

ಗೆದ್ದವನು ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಕಲಿಸಿ ಕಲಿಸಿ ಬಾಯಿ ಪಳಗಿದವನಿಗೆ ಎದುರಿನವರ ತಪ್ಪು ತಿದ್ದದೆ ಬಿಡಲಾಗುವುದಿಲ್ಲ.

"ಆ ರಸ್ತೆ ಗುರುತು ನಾನೂ ನೋಡಿದೀನಿ. ಕಾರು ಕಲ್ತೋರ ಕಾಲಲ್ಲ ಅದು. ಕಾರಿನ ಕ್ಲಚ್ ಹೂವಿನ ಥರ, ಬೆರಳಲ್ಲಿ ಒತ್ತಿದ್ರೂ ಹೋಗತ್ತೆ. ಆ ಕಾಲು ಬ್ರೇಕ್ ಮುಟ್ಟಿದ್ರೆ ಗಾಡಿ ಜಗ್ಗತ್ತೆ ಅಷ್ಟೆ. ಟೈರು ಉಜ್ಜೋ ಅಷ್ಟು ತುಳಿದಿದಾನೆ ಅಂದ್ರೆ ಅದಕ್ಕೆ ನಾವು ಲಾರಿಕಾಲು ಅಂತೀವಿ. ಹದಿನೈದಿಪ್ಪತ್ತು ವರ್ಷ ಲಾರಿ ಕ್ಲಚ್ ತುಳಿದು ತುಳಿದು ತೊಡೆ ಕಲ್ಲಾಗಿರೋ..."

ಅಲ್ಲಿಗೆ ನಿಂತ.

ಅವನು ಹತ್ತು ವರ್ಷದಲ್ಲಿ ಮೊದಲ ಸಲ ನಾದಿನಿಯ ಮುಖವನ್ನು ನೇರವಾಗಿ ನೋಡಿದ. ಅವಳೂ ನೋಡಿದಳು. ಅವಳ ಕಣ್ಣು ಬೇಡಿಕೊಳ್ಳುತ್ತಿತ್ತು.

"ಈ ಮನೇಲಿ ಲಾರಿ ಓಡಿಸೋರು ಯಾರು?" ಎಂದು ಕೇಳಿದಳು ಸರ್ವೇಯರ್.

ಅವನು ಕೀಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟ.

"ನನ್ನ ತಮ್ಮ," ಎಂದ. "ಇವಳ ಗಂಡ. ಹದಿನಾಲ್ಕು ತಿಂಗಳಾಯ್ತು ಮನೆ ಬಿಟ್ಟು. ನಾನೇ ಹೊರಗೆ ಹಾಕಿದ್ದು, ಗೇಟು ದಾಟಿದ್ರೆ ಕಾಲು ಮುರೀತೀನಿ ಅಂತ. ಆಮೇಲೆ ಈ ಕಡೆ ತಲೆ ಹಾಕಿಲ್ಲ."

"ಖಂಡಿತವಾಗಿ?"

"ಅವಳೇ ಒಪ್ಕೊಂಡಿದಾಳಲ್ಲ ಮೇಡಂ. ಮತ್ತೆ ಮತ್ತೆ ಯಾಕೆ ಕೆದಕ್ತೀರಾ?" ಅವನ ದನಿಯಲ್ಲಿ ಈಗ ಮೊದಲಿನ ಸೊಕ್ಕು ಇರಲಿಲ್ಲ, ಅವಸರ ಇತ್ತು. "ಹೆಂಗಸು ಗಾಬರೀಲಿ ಯಾವ ಕಾಲಲ್ಲಿ ಏನು ತುಳಿದ್ಲೋ. ನನ್ನ ಮಾತಿಗೆ ಬೆಲೆ ಕೊಡ್ಬೇಡಿ. ಬಾಯಿಗೆ ಬಂದದ್ದು ಹೇಳ್ದೆ."

"ಭಾವ ಹೇಳೋದು ಸರಿ," ಎಂದಳು ತಾಯಿ.

ಆ ಅಂಗಳದಲ್ಲಿ ಇಬ್ಬರೂ ಒಂದೇ ಮಾತಿಗೆ ನಿಂತದ್ದು ಅದೇ ಮೊದಲು. ಸರ್ವೇಯರ್ ಒಬ್ಬರಿಂದ ಒಬ್ಬರತ್ತ ನೋಡಿದಳು. ತಮ್ಮನನ್ನು ಎತ್ತಿ ಬೆಳೆಸಿದ ಅಣ್ಣ ಒಂದು ಕಡೆ, ಅವನನ್ನು ಕಟ್ಟಿಕೊಂಡವಳು ಇನ್ನೊಂದು ಕಡೆ. ಇಬ್ಬರ ನಡುವೆ ಇಷ್ಟು ದಿನ ಇದ್ದ ಹಗೆ ಈಗ ಇಬ್ಬರನ್ನೂ ಬಿಟ್ಟು ಅವಳೊಬ್ಬಳ ಮೇಲೆ ತಿರುಗಿತ್ತು.

ಆವತ್ತು ಗಂಡ ಎಲ್ಲಿದ್ದ ಎಂದು ಅವಳು ತಾಯಿಯನ್ನು ಕೇಳಿದಳು. ಗೊತ್ತಿಲ್ಲ ಎಂದು ಬಂತು. ಕಾಗದ, ಫೋನು? ಇಲ್ಲ. ಮೇಸ್ತ್ರಿಗೆ ಎಚ್ಚರವಾಗಿ ಅವರೇ ಹೇಳಿದರೆ? ಹೇಳಲಿ, ನನ್ನ ಹೆಸರನ್ನೇ ಹೇಳುತ್ತಾರೆ ಎಂದಳು ತಾಯಿ.

ಗೇಟಿನ ಹೊರಗೆ ಜೀಪು ಬಂದು ನಿಂತಿತು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಇಬ್ಬರು ಮಹಿಳಾ ಪೊಲೀಸರು ಇಳಿದರು, ಒಬ್ಬಳು ಕೈಗಡಿಯಾರ ನೋಡಿಕೊಂಡಳು.

ತಾಯಿ ಮಂಡಿಯೂರಲಾರದವಳು, ಸೊಂಟ ಬಗ್ಗಿಸಿ ಮಗಳ ತಲೆಗೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಚಿಕ್ಕಮ್ಮನ ಮನೆಯಲ್ಲಿ ಹಟ ಮಾಡಬಾರದು, ರಾತ್ರಿ ಹಲ್ಲುಜ್ಜಬೇಕು, ನೀಲಿ ಸ್ವೆಟರು ಚೀಲದ ತಳದಲ್ಲಿದೆ ಎಂದಳು. ಇವೆಲ್ಲ ಬೆಳಗಿನಿಂದ ನಾಲ್ಕು ಸಲ ಹೇಳಿದ ಮಾತುಗಳೇ. ಐದನೆಯ ಸಲ ಹೇಳಿ ಮುಗಿಸಿ ಗೇಟಿನ ಕಡೆ ಹೊರಟಳು. ಮೊದಲು ಎಡಗಾಲು, ಆಮೇಲೆ ಬಲಗಾಲು.

ಭುಜ ಕೊಡಲು ಯಾರೂ ಪಕ್ಕದಲ್ಲಿರಲಿಲ್ಲ.

ಗುಂಡುಸೂಜಿ ಕದಲದೆ ನಿಂತಿದ್ದಳು. ಎದುರಿಗೆ ಅಮ್ಮ ಹೋಗುತ್ತಿದ್ದಳು. ಬಾಯಿ ಬಿಟ್ಟರೆ ಇನ್ನೊಬ್ಬರು ಹೋಗುತ್ತಾರೆ. ಇಬ್ಬರಲ್ಲಿ ಒಬ್ಬರೇ ಉಳಿಯುವುದು ಎಂದು ಎಂಟು ವರ್ಷದ ತಲೆಗೂ ಹೊಳೆದಿತ್ತು. ಹೊಳೆದಿದ್ದರಿಂದಲೇ ಐದು ದಿನ ತುಟಿ ಹೊಲಿದುಕೊಂಡು ಕೂತಿದ್ದಳು.

ದೊಡ್ಡಪ್ಪ ಅವಳ ಹೆಗಲ ಮೇಲೆ ಕೈ ಇಟ್ಟ. ಒಳಗೆ ಹೋಗೋಣ ಬಾ ಎಂದ. ಅವನು ಅವಳನ್ನು ಹಾಗೆ ಕರೆದದ್ದು ಹುಟ್ಟಿದ ಮೇಲೆ ಇದೇ ಮೊದಲು. ಅವಳು ಆ ಕೈಯನ್ನು ನೋಡಿದಳು, ಸರ್ವೇಯರಿನತ್ತ ನೋಡಿದಳು, ಆಮೇಲೆ ಅಮ್ಮನ ಬೆನ್ನನ್ನು.

ಜೀಪಿನ ಹಿಂಬಾಗಿಲು ತೆರೆಯಿತು. ಹತ್ತುವುದಕ್ಕೆಂದು ತಾಯಿ ಮಡಚದ ಕಾಲನ್ನು ಕೈಯಿಂದ ಎತ್ತಿದಳು.

"ಅಮ್ಮಾ," ಎಂದಳು ಮಗಳು. ದನಿ ಜೋರಾಗಿರಲಿಲ್ಲ, ಆದರೆ ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು. "ಆವತ್ತು ಅಪ್ಪ ಬಂದಿದ್ರಾ?"